ಹಸಿವಿಗಿಟ್ಟ ಗಿಡಗಳು

ಹೋದ ವಾರ ಹಿಮ ಕರಗಿದ ಮೇಲೆ ಹಿಂದಿನ ಗಾಜಿನ ಪೋರ್ಚ್ ಬಾಗಿಲು ತೆಗೆದೆ. ತಣ್ಣನೆಯ ಪಾಚಿಮಣ್ಣಿನ ವಾಸನೆ ಬಂತು. ಎಪ್ಪತ್ತರ ದಶಕದಲ್ಲಿ ಓಲ್ಡ್ ಬ್ರಿಡ್ಜ್ ಊರಿನ ನಮ್ಮ ಇದೇ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಧಾರವಾಡದ ಹುಡುಗ ನೆನಪಾದ...

ಪಿಎಚ್.ಡಿ. ಮಾಡುತ್ತಿದ್ದ. ಬೇಸಿಗೆಯಲ್ಲಿ ಅಲಾಸ್ಕಾದ ಉತ್ತರದ ತುದಿಗೆ, ಮರವೇ ಬೆಳೆಯದ ಬಯಲಿಗೆ ಹೋಗಿ ಗೇಣುದ್ದದ ಗಿಡಗಳನ್ನು ಬೇರು ಸಮೇತ ತರುತ್ತಿದ್ದ. ಅಲ್ಲಿನ ಬಡ ಮಣ್ಣಿನಲ್ಲಿ ಬೇರಿಗೆ ಸುತ್ತಿಕೊಂಡ ಬೂಷ್ಟೇ ಗಿಡಕ್ಕೆ ಆಹಾರ ತಂದುಕೊಡುತ್ತದೆಂದು ಅವನು ತೋರಿಸಬೇಕಿತ್ತು. ಕಾಲೇಜಿನಲ್ಲಿ ಜಾಗ ಸಾಲದೆ ಕುಂಡಗಳು ನಮ್ಮ ಪೋರ್ಚಿಗೆ ಬಂದವು. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಲೇತ್ ಹಿಡಿದವನು. ಕಬ್ಬಿಣದ ಸ್ಟ್ಯಾಂಡ್ ನಾನೇ ಮಾಡಿಕೊಟ್ಟೆ, ಇವತ್ತಿಗೂ ಅಲುಗಾಡುವುದಿಲ್ಲ.

"ಬೂಷ್ಟಿಗೆ ಇಷ್ಟು ವರ್ಷ ಬೇಕೇನಯ್ಯಾ? ನಮ್ಮನೆ ಬ್ರೆಡ್ಡಿಗೆ ಎರಡೇ ದಿನಕ್ಕೆ ಬರತ್ತೆ," ಅಂದರೆ, "ಅದಕ್ಕೂ ಡಿಗ್ರಿ ಕೊಡಸೋಣ್ರೀ ಅಣ್ಣಾರ," ಅನ್ನುತ್ತಿದ್ದ.

ಅರ್ಧ ಕುಂಡಗಳ ಮಣ್ಣನ್ನು ಹಬೆಯಲ್ಲಿ ಬೇಯಿಸಿ ಬೂಷ್ಟನ್ನು ಕೊಂದಿದ್ದ. ಆ ಗಿಡಗಳು ಬರೀ ನೀರು ಕುಡಿದು ಸೊರಗಬೇಕು, ಅದೇ ಪರೀಕ್ಷೆ. ಅದು ಮುಗಿದರೆ ಡಿಗ್ರಿ, ಡಿಗ್ರಿಯಾದರೆ ಊರು. ಹತ್ತಿರದ ಕ್ವೀನ್ಸಿನಲ್ಲಿದ್ದ ಮಗಳ ಬಾಣಂತನಕ್ಕೆ ಬಂದು, ಇವನ ಜೊತೆಗೂ ಕೆಲವು ದಿನ ಉಳಿದ ತಾಯಿಗೆ, ದೀಪಾವಳಿಗೆ ಮನೆಯಲ್ಲಿರುತ್ತೇನೆಂದು ಮಾತು ಕೊಟ್ಟಿದ್ದ.

ಆಕೆಗೆ ಹಳದಿಯಾದ ಗಿಡಗಳನ್ನು ನೋಡಲಾಗಲಿಲ್ಲ. ಅವನು ಕಾನ್ಫರೆನ್ಸಿಗೆ ಹೋಗಿದ್ದಾಗ, ನಾವೂ ಕೆಲಸಕ್ಕೆ ಹೋದಮೇಲೆ, ದಿನವೂ ಅಕ್ಕಿ ತೊಳೆದ ನೀರು ಹಾಕಿದರು. ಅವನು ಬರುವಷ್ಟರಲ್ಲಿ ಚಿಗುರು ಒಡೆದಿತ್ತು.

"ಉಪಾಸ ಕೆಡವಿದ್ಯಲ್ಲೋ ತಮ್ಮಾ! ಈಗ ನೋಡು, ಹೆಂಗ ಜೀವ ಹಿಡದಾವು!"

ಹಸಿದ ಗಿಡಕ್ಕೆ ಊಟ ಸಿಕ್ಕಮೇಲೆ ಪರೀಕ್ಷೆ ಎಲ್ಲಿಯದು? ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ನನ್ನ ಕೈ ಒತ್ತಿದ. "ಛಲೋ ಮಾಡಿದಿ ಬಿಡಬೇ ಯವ್ವಾ," ಅಂದ.

ಆಮೇಲೆ ಮೆಟ್ಟಿಲ ಹತ್ತಿರ ನನಗಷ್ಟೇ ಹೇಳಿದ. "ಅಕಿಗೆ ಗೊತ್ತಾಗೋದು ಬ್ಯಾಡ್ರಿ ಅಣ್ಣಾರ. ಯಾರಿಗೂ ಹೇಳಬ್ಯಾಡ್ರಿ. ಇನ್ನೊಮ್ಮೆ ಅಲಾಸ್ಕಾಕ್ಕ ಹೋದರಾತು."

ಎಲ್ಲ ಮೊದಲಿನಿಂದ ಶುರುವಾಯಿತು. ತಾಯಿ ಒಬ್ಬರೇ ಊರಿಗೆ ಹೋದರು. ಮಗನ ಗಿಡ ನಾನೇ ಉಳಿಸಿ ಬಂದೆ ಎಂದು ಕೇರಿಗೆಲ್ಲ ಹೇಳಿಕೊಂಡರಂತೆ. ದೀಪಾವಳಿ ದಾಟಿತು. ಆ ಚಳಿಗಾಲ ಅವನು ಹೊಸ ಕುಂಡಗಳ ಮುಂದೆ ಕೂತಿದ್ದಾಗ ತಂತಿ ಬಂತು... ತಾಯಿಯ ಮಣ್ಣಿಗೂ ಹೋಗಲಾಗಲಿಲ್ಲ. ಅಂದು ಅವನು ಅಳಲಿಲ್ಲ. ಎದ್ದು ಸೊರಗಿದ ಗಿಡಗಳಿಗೆ ಬರೀ ನೀರು ಹಾಕಿದ.

ಡಿಗ್ರಿ ಬಂತು, ದೂರದ ರಾಜ್ಯದಲ್ಲಿ ಕೆಲಸ ಸಿಕ್ಕಿತು. ಈ ಜನವರಿಯಲ್ಲಿ ಅವನೂ ತೀರಿಕೊಂಡ. ಸುದ್ದಿ ತಿಳಿಸಿದ ಅವನ ಮಗಳು ಇಂಗ್ಲಿಷಿನಲ್ಲಿ ಕೇಳಿದಳು: ಅಂಕಲ್, ಅಪ್ಪ ಆ ವರ್ಷ ಅಜ್ಜಿಯ ಹತ್ತಿರ ಯಾಕೆ ಹೋಗಲಿಲ್ಲ?

"ಕೆಲಸ ಮುಗಿದಿರಲಿಲ್ಲಮ್ಮಾ," ಅಂದೆ.

ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಅದಕ್ಕೇ ಇಲ್ಲಿ ಬರೆದೆ.