ಯಾರ ಕೆಚ್ಚಲಿನದೂ ಅಲ್ಲದ ಹಾಲು

ಕೊರೋನಾ ಹಾವಳಿ ಇಳಿದ ಮಾರನೆಯ ವರ್ಷ ನಾನು ಆಹಾರ ಸುರಕ್ಷತಾ ಅಧಿಕಾರಿಯಾಗಿ ಕೊಪ್ಪಳ ಜಿಲ್ಲೆಗೆ ವರ್ಗವಾಗಿ ಬಂದೆ. ಹುಟ್ಟೂರು ಗಂಗಾವತಿ. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ನನ್ನ ಪಾಲಿಗೆ ಬಂದದ್ದು ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳು. ಹೋಟೆಲ್, ಕಿರಾಣಿ ಅಂಗಡಿ, ಬೇಕರಿ, ಹಾಲಿನ ಡೇರಿ, ಹೀಗೆ ಜನ ಬಾಯಿಗೆ ಹಾಕಿಕೊಳ್ಳುವುದು ಎಲ್ಲೆಲ್ಲಿ ತಯಾರಾಗುತ್ತದೋ ಅಲ್ಲೆಲ್ಲ ಹೋಗಿ ನೋಡುವುದು, ಅನುಮಾನ ಬಂದರೆ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸುವುದು, ವರದಿ ಕೆಟ್ಟದಾಗಿ ಬಂದರೆ ಪ್ರಕರಣ ಹೂಡುವುದು ನಮ್ಮ ಕೆಲಸ. ಮೂವತ್ತು ವರ್ಷ ಇದನ್ನೇ ಮಾಡಿದವಳಿಗೆ ಹೇಸಿಗೆ ಸುಲಭಕ್ಕೆ ಬರುವುದಿಲ್ಲ. ಬೆಳಿಗ್ಗೆ ಮಿಠಾಯಿ ಪಾಕದಲ್ಲಿ ಜಿರಳೆ ನೋಡಿ ಮಧ್ಯಾಹ್ನ ಹೊಟ್ಟೆ ತುಂಬ ಉಂಡವಳು ನಾನು. ಆದರೆ ಈ ಒಂದು ಪ್ರಕರಣ ನೆನಪಾದರೆ ಈಗಲೂ ನಾಲಿಗೆಯ ಬುಡದಲ್ಲಿ ಸೋಪಿನ ರುಚಿ ಏಳುತ್ತದೆ.

ಆ ಪೊಟ್ಟಣವನ್ನು ನಾನು ಮೊದಲು ನೋಡಿದ್ದು ಕುಷ್ಟಗಿ ಬಸ್ ನಿಲ್ದಾಣದ ಹತ್ತಿರದ ಅಂಗಡಿಯೊಂದರ ಫ್ರಿಜ್ಜಿನಲ್ಲಿ. ಅರ್ಧ ಲೀಟರಿನ ಪೊಟ್ಟಣ. ಮೇಲೆ ನಗುತ್ತಿರುವ ಆಕಳು, ಪಕ್ಕದಲ್ಲಿ ಒಂದು ಹಸಿರೆಲೆ. "ಪ್ರಾಣಿರಹಿತ ಹಾಲು. ಆಕಳಿಗೆ ನೋವಿಲ್ಲ, ನಿಮಗೆ ಅಲರ್ಜಿ ಇಲ್ಲ" ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಕಾನೂನಿನ ಪ್ರಕಾರ ಪ್ರಾಣಿಯ ಕೆಚ್ಚಲಿನಿಂದ ಕರೆದದ್ದಕ್ಕೆ ಮಾತ್ರ ಹಾಲು ಎನ್ನಬೇಕು. ಸೋಯಾ, ಅಕ್ಕಿ, ಬಾದಾಮಿ ಯಾವುದರಿಂದ ಮಾಡಿದ್ದರೂ ಅದು ಪಾನೀಯ. ಹೆಸರಿನ ತಪ್ಪಿಗಾಗಿ ತಯಾರಕನಿಗೆ ಕಚೇರಿಗೆ ಬರಲು ಹೇಳಿ ಕಳಿಸಿದೆ.

ಮರುದಿನವೇ ಬಂದ. ವೀರೇಶ ಎಂದು ಹೆಸರು, ಮೂವತ್ತೈದರ ಆಸುಪಾಸು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಕುಳಲ್ಲಿ ಫೈಲು. ಬಿಎಸ್ಸಿ ಓದಿದವನು. ಮೊದಲು ತಳಕಲ್ ಸುತ್ತಿನ ಹಳ್ಳಿಗಳಲ್ಲಿ ಬೈಕಿನ ಮೇಲೆ ಕ್ಯಾನು ಕಟ್ಟಿಕೊಂಡು ಹಾಲು ಸಂಗ್ರಹಿಸುತ್ತಿದ್ದನಂತೆ. ಕುರ್ಚಿ ತೋರಿಸಿದರೂ ನಿಂತೇ ಮಾತಾಡಿದ.

"ಮೇಡಂರೀ, ಇದು ಹೊಸಾ ಸೈನ್ಸ್ ಐತ್ರಿ. ಆಕಳ ಹಾಲಿನ್ಯಾಗಿನ ಪ್ರೋಟೀನ್ ತಯಾರ ಮಾಡೋ ಜೀನ್ ತಗದು ಯೀಸ್ಟಿನ್ಯಾಗ ಇಡತಾರ್ರಿ. ಟ್ಯಾಂಕಿನ್ಯಾಗ ಆ ಯೀಸ್ಟಿಗೆ ಸಕ್ಕರಿ ತಿನಸಿದ್ರ ಅದು ಪ್ರೋಟೀನ್ ಕೊಡತೈತಿ. ಅದಕ್ಕ ಎಣ್ಣಿ, ಸಕ್ಕರಿ ಅಂಶ, ಕ್ಯಾಲ್ಸಿಯಂ ಕೂಡಿಸಿದ್ರ ಹಾಲು. ಕರುನ್ನ ದೂರ ಕಟ್ಟಂಗಿಲ್ಲ, ಇಂಜೆಕ್ಷನ್ ಚುಚ್ಚಂಗಿಲ್ಲ. ಜೀವಹಿಂಸಾನ ಇಲ್ಲರಿ."

ಅವನು ಹೇಳಿದ ವಿಜ್ಞಾನದಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಬೇರೆ ಬೇರೆ ದೇಶಗಳಲ್ಲಿ ಇಂಥ ಹಾಲು ತಯಾರಾಗುತ್ತಿರುವುದನ್ನು ನಾನೂ ಓದಿದ್ದೆ. ಹೆಚ್ಚು ಹಾಲಿಗಾಗಿ ಎಮ್ಮೆಗಳಿಗೆ ಚುಚ್ಚುಮದ್ದು ಕೊಡುವ ಕೊಟ್ಟಿಗೆಗಳನ್ನು ನೋಡಿ ರೋಸಿಹೋಗಿದ್ದ ನನಗೆ ಅವನ ಮಾತು ಹಿತವಾಗಿಯೇ ಕೇಳಿಸಿತು. ಯೀಸ್ಟಿನ ಪ್ರೋಟೀನನ್ನು ಹೊರಗಿನಿಂದ ಪುಡಿಯ ರೂಪದಲ್ಲಿ ತರಿಸಿ ಇಲ್ಲಿ ಬೆರೆಸುತ್ತೇನೆ ಎಂದ. ಯಾರಿಂದ ತರಿಸುತ್ತೀ ಎಂದು ನಾನು ಕೇಳಲಿಲ್ಲ. "ಹಾಲು" ಎಂಬ ಪದ ತೆಗೆದು "ಪಾನೀಯ" ಎಂದು ಅಚ್ಚು ಹಾಕಿಸಲು ನೋಟಿಸ್ ಕೊಟ್ಟು ಕಳಿಸಿದೆ. ಅದೇ ದಿನ ಅಂಗಡಿಗೆ ಹೋಗಿ ಮಾದರಿ ತೆಗೆಯಬಹುದಿತ್ತು. ತೆಗೆಯಲಿಲ್ಲ. ಬಾಯಿ ತುಂಬ ವಿಜ್ಞಾನ ಮಾತಾಡುವವನು ಮೋಸ ಮಾಡಲಾರ ಎಂದುಕೊಂಡೆ.

ಇಪ್ಪತ್ತೆರಡು ದಿನ ಕಳೆದ ಮೇಲೆ ಗಿರಿಜಾ ಬಂದರು. ಕುಷ್ಟಗಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ, ಅದರೊಳಗೆ ಮಂಜುಗಡ್ಡೆಯ ನಡುವೆ ಕತ್ತರಿಸಿದ ಪೊಟ್ಟಣ. ನನ್ನ ಮೇಜಿನ ಮೇಲೆ ಅದನ್ನಿಟ್ಟು ಕುಳಿತರು.

ಅವರ ಮಗಳು ಪ್ರಣತಿಗೆ ಆರು ವರ್ಷ. ಕೂಸಿದ್ದಾಗಿನಿಂದ ಹಾಲಿನ ಪ್ರೋಟೀನ್ ಅವಳ ದೇಹಕ್ಕೆ ಆಗಿಬರುವುದಿಲ್ಲ. ಒಂದು ಚಮಚ ಮೊಸರು ಬಾಯಿಗೆ ಹೋದರೂ ಮೈಯೆಲ್ಲ ದದ್ದು, ತುಟಿ ಬಾವು. ಓಣಿಯ ಮಕ್ಕಳು ಪೇಡೆ ತಿನ್ನುವಾಗ ಅವಳಿಗೆ ಶೇಂಗಾ ಚಿಕ್ಕಿ. ಅಂಗಡಿಯಲ್ಲಿ ಈ ಪೊಟ್ಟಣ ಕಂಡಾಗ ಗಿರಿಜಾ ಹಿಂದೆ ಮುಂದೆ ಎರಡೂ ಬದಿ ಓದಿದ್ದರು. ಅಂಗಡಿಯವನಿಂದ ನಂಬರು ಪಡೆದು ವೀರೇಶನಿಗೆ ಫೋನ್ ಕೂಡ ಮಾಡಿದ್ದರು. ಆಕಳೇ ಇಲ್ಲದ ಮೇಲೆ ಅಲರ್ಜಿ ಎಲ್ಲಿಂದ ಬರಬೇಕು ಎಂದು ಅವನು ನಕ್ಕಿದ್ದ.

"ಎಲ್ಲಾರಂಗ ನಾನೂ ಲೋಟದಾಗ ಹಾಲು ಕುಡೀತೀನಿ ಅಂತ ಕುಣದಾಡಿದಳ್ರಿ," ಎಂದರು ಗಿರಿಜಾ. "ಅರ್ಧ ಲೋಟ ಆಗಿತ್ತೋ ಇಲ್ಲೋ, ತುಟಿ ಬಾತು, ಉಸರ ಸಿಳ್ಳಿ ಹೊಡದಂಗ ಬರಾಕ ಹತ್ತಿತು. ಗಾಡಿ ಮ್ಯಾಲ ಕುಂದ್ರಿಸಿಕೊಂಡು ದವಾಖಾನಿಗೆ ಓಡಿದ್ವಿ. ಇಂಜೆಕ್ಷನ್ ಕೊಟ್ಟ ಮ್ಯಾಲ ಉಸರ ಹಳಿಗೆ ಬಂತ್ರಿ."

"ಈಗ ಹೆಂಗದಾಳ್ರಿ?"

"ಆರಾಮ ಅದಾಳ. ಆದ್ರ ನಾನು ಏನ ಕೊಟ್ರೂ ಮೊದಲ ಮೂಸಿ ನೋಡತಾಳ್ರಿ." ಆಮೇಲೆ ಗಿರಿಜಾ ನನ್ನ ಕಣ್ಣಿಗೆ ಕಣ್ಣಿಟ್ಟು ಹೇಳಿದರು, "ಮೇಡಂ, ನಾನು ಸೈನ್ಸ್ ಟೀಚರ್ ಅದೀನಿ. ಲೇಬಲ್ ಓದೇ ಕೊಟ್ಟೀನ್ರಿ."

ಆ ಲೇಬಲ್ಲನ್ನು ನಾನೂ ಓದಿದ್ದೆ. ಯೀಸ್ಟು ತಯಾರಿಸಿದರೂ ಆಕಳು ತಯಾರಿಸಿದರೂ ಹಾಲಿನ ಪ್ರೋಟೀನ್ ಒಂದೇ. ಅಲರ್ಜಿ ಇರುವವರ ದೇಹ ಅದು ಎಲ್ಲಿಂದ ಬಂತೆಂದು ವಿಚಾರಿಸುವುದಿಲ್ಲ. ಅಂದರೆ ವೀರೇಶ ನನ್ನೆದುರು ಹೇಳಿದ್ದು ನಿಜವೇ ಆಗಿದ್ದರೂ "ಅಲರ್ಜಿ ಇಲ್ಲ" ಎಂಬ ಸಾಲು ಸುಳ್ಳು. ಇದು ನನಗೆ ಮೊದಲ ದಿನವೇ ಹೊಳೆಯಬೇಕಿತ್ತು. ಹೊಳೆದಿದ್ದರೆ ಆ ಕೂಸು ಆಸ್ಪತ್ರೆಗೆ ಹೋಗುತ್ತಿರಲಿಲ್ಲ. ನಾನು ನೋಡಿದ್ದು "ಹಾಲು" ಎಂಬ ಒಂದು ಪದವನ್ನು ಮಾತ್ರ.

ಕತ್ತರಿಸಿದ ಪೊಟ್ಟಣ ನ್ಯಾಯಾಲಯದಲ್ಲಿ ಸಾಕ್ಷಿಯಾಗಿ ನಿಲ್ಲುವುದಿಲ್ಲ. ಆದರೂ ಕಚೇರಿಯ ಕಿಟ್ ತೆಗೆದು ಗಿರಿಜಾ ಎದುರಿಗೇ ಪರೀಕ್ಷೆ ಮಾಡಿದೆ. ಒಂದು ನಳಿಕೆಗೆ ಯೂರಿಯಾ ಪತ್ತೆ ಮಾಡುವ ದ್ರಾವಣ ಹಾಕಿದೆ, ಗಾಢ ಹಳದಿಗೆ ತಿರುಗಿತು. ಇನ್ನೊಂದಕ್ಕೆ ಡಿಟರ್ಜೆಂಟ್ ಪತ್ತೆ ಮಾಡುವ ಬಣ್ಣ ಹಾಕಿದೆ, ನೇರಳೆಯಾಯಿತು. ಗಿರಿಜಾ ತಮ್ಮ ಶಾಲೆಯ ಲ್ಯಾಬಿನಲ್ಲಿ ಇಂಥ ಬಣ್ಣಗಳನ್ನು ಎಷ್ಟೋ ಸಲ ಮಕ್ಕಳಿಗೆ ತೋರಿಸಿದವರು. ಅರ್ಥ ಕೇಳಲಿಲ್ಲ. ಎದ್ದು ಹೊರಗೆ ಹೋಗಿ ವರಾಂಡದ ಮೂಲೆಯಲ್ಲಿ ವಾಂತಿ ಮಾಡಿಕೊಂಡರು.

ಮರುದಿನ ಬೆಳಿಗ್ಗೆ ಏಳೂವರೆಗೆ ನಾನು, ನಮ್ಮ ಜೀಪಿನ ಚಾಲಕ ಹನುಮಂತಪ್ಪ, ಒಬ್ಬ ಪೊಲೀಸ್ ಪೇದೆ ಬೇವೂರಿನ ಕಡೆಯ ರಸ್ತೆ ಹಿಡಿದೆವು. ಲೈಸೆನ್ಸಿನಲ್ಲಿದ್ದ ವಿಳಾಸ ಒಂದು ತೋಟದ ಮನೆ. ಮನೆಯ ಹಿಂದೆ ತಗಡಿನ ಶೆಡ್ಡು. ಶೆಡ್ಡಿಗಿಂತ ಮೊದಲು ಅದರ ವಾಸನೆ ಎದುರಾಯಿತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹಳಸಿದ ತುಪ್ಪ ಸುರಿದರೆ ಹೇಗಿರುತ್ತದೋ ಹಾಗೆ.

ಒಳಗೆ ಯೀಸ್ಟೂ ಇರಲಿಲ್ಲ, ಟ್ಯಾಂಕೂ ಇರಲಿಲ್ಲ. ನಡುವೆ ಒಂದು ಹಳೆಯ ವಾಷಿಂಗ್ ಮಷಿನ್ ಗರಗರ ತಿರುಗುತ್ತಿತ್ತು. ಮುಚ್ಚಳ ಎತ್ತಿದೆ. ಬೆಳ್ಳಗೆ ನೊರೆ ಕಟ್ಟಿದ ದ್ರವ ಸುತ್ತುತ್ತಿತ್ತು, ಅಂಚಿಗೆ ಹಳದಿ ಜಿಡ್ಡು ಪದರ ಪದರವಾಗಿ ಅಂಟಿತ್ತು. ಗೋಡೆಗೆ ಒರಗಿಸಿದ್ದ ರಿಫೈನ್ಡ್ ಎಣ್ಣೆಯ ಡಬ್ಬಗಳು, ಹೊಲಕ್ಕೆ ಹಾಕುವ ಯೂರಿಯಾದ ಚೀಲ, ಬಟ್ಟೆ ಒಗೆಯುವ ಪುಡಿಯ ಚೀಲ. ಎಣ್ಣೆ ನೀರಿನೊಂದಿಗೆ ಬೆರೆತು ಹಾಲಿನಂತೆ ಬೆಳ್ಳಗಾಗಲು ಸೋಪು ಬೇಕು. ಪರೀಕ್ಷೆಯಲ್ಲಿ ಪ್ರೋಟೀನ್ ಇದ್ದಂತೆ ತೋರಿಸಲು ಯೂರಿಯಾ ಬೇಕು. ಮೂಲೆಯಲ್ಲಿ ಕೆನೆ ತೆಗೆದ ಹಾಲಿನ ಪುಡಿಯ ಮೂರು ಮೂಟೆಗಳಿದ್ದವು. ಅವಧಿ ಮುಗಿದು ವರ್ಷವಾಗಿತ್ತು, ಒಂದರ ಬಾಯಿ ಬಿಚ್ಚಿದರೆ ಪುಡಿಯ ಮೇಲೆ ಸಣ್ಣ ಹುಳುಗಳು ಹರಿದಾಡುತ್ತಿದ್ದವು. ಹಾಲಿನ ರುಚಿ ಬರಲಿ ಎಂದು ಅದನ್ನೂ ನಾಲ್ಕು ಬೊಗಸೆ ಹಾಕುತ್ತಿದ್ದರು. ಪ್ರಣತಿಯ ತುಟಿ ಬಾತದ್ದು ಅದರಲ್ಲಿದ್ದ ಹಾಲಿನ ಪ್ರೋಟೀನಿನಿಂದ. ಆಕಳಿಗೆ ನೋವಿಲ್ಲ ಎಂದು ಮಾರುತ್ತಿದ್ದ ಆ ದ್ರವ ಹಾಲೂ ಅಲ್ಲ, ಪ್ರಾಣಿರಹಿತವೂ ಅಲ್ಲ.

ಶೆಡ್ಡಿನ ಇನ್ನೊಂದು ಬದಿಗೆ ನಲವತ್ತು ಲೀಟರಿನ ಅಲ್ಯೂಮಿನಿಯಂ ಕ್ಯಾನುಗಳು ಸಾಲಾಗಿ ನಿಂತಿದ್ದವು. ಅದೇ ಮಷಿನ್ನಿನ ದ್ರವ ಕ್ಯಾನಿಗೆ ಹೋದರೆ ಎಮ್ಮೆ ಹಾಲು, ಪೊಟ್ಟಣಕ್ಕೆ ಹೋದರೆ ಹೊಸ ವಿಜ್ಞಾನ. ಹನುಮಂತಪ್ಪ ಒಂದು ಕ್ಯಾನಿನ ಮುಂದೆ ನಿಂತುಬಿಟ್ಟ. ಅದರ ಹಿಡಿಕೆಗೆ ಕೆಂಪು ವೈರು ಸುತ್ತಿತ್ತು.

"ಮೇಡಂರೀ, ಈ ಕ್ಯಾನ್ ನಾನು ನೋಡೀನ್ರಿ. ಗಿಣಿಗೇರಾದಾಗ ನಾವು ಚಾ ಕುಡಿಯೋ ಅಂಗಡಿದ್ರೀ ಇದು."

ಗಂಗಾವತಿಯ ಮನೆಯಿಂದ ಕೊಪ್ಪಳದ ಕಚೇರಿಗೆ ಹೋಗುವಾಗ ಗಿಣಿಗೇರಾದಲ್ಲಿ ಕಾರ್ಖಾನೆಯ ಕಾರ್ಮಿಕರ ಜೊತೆ ನಿಂತು ಚಹಾ ಕುಡಿಯುವುದು ನನ್ನ ರೂಢಿ. ಹಾಲು ಗಟ್ಟಿ ಇರುತ್ತದೆ ಎಂದೇ ಆ ಅಂಗಡಿಯನ್ನು ಆರಿಸಿಕೊಂಡಿದ್ದೆ. ಪಾಳಿ ಮುಗಿಸಿ, ಮುಖಕ್ಕೆ ಕಬ್ಬಿಣದ ಧೂಳು ಮೆತ್ತಿಕೊಂಡು ಬಂದವರು ಅಲ್ಲಿ ಒಂದರ ಮೇಲೊಂದು ಚಹಾ ಕುಡಿಯುವುದನ್ನು ದಿನಾ ನೋಡಿದ್ದೆ. ನಿಯಮದಂತೆ ಮಾದರಿ ತೆಗೆದೆ, ನಾಲ್ಕು ಭಾಗ ಮಾಡಿ ಸೀಲ್ ಹಾಕಿದೆ. ಮನೆಯಿಂದ ಬಂದ ವೀರೇಶ ಪಕ್ಕದಲ್ಲೇ ನಿಂತು, ಕೇಳಿದಲ್ಲೆಲ್ಲ ಸಹಿ ಹಾಕಿದ. ಅವನ ಅಂಗಿ ಅಂದೂ ಬೆಳ್ಳಗೇ ಇತ್ತು.

ಪಂಚನಾಮೆ ಬರೆಯಲು ಮನೆಯ ಪಡಸಾಲೆಯಲ್ಲಿ ಕುಳಿತೆವು. ವೀರೇಶನ ತಾಯಿ ಒಳಗಿನಿಂದ ಚಹಾ ತಂದರು. ಎಪ್ಪತ್ತು ದಾಟಿದ ಹೆಣ್ಣುಮಗಳು, ಹಣೆ ತುಂಬ ವಿಭೂತಿ. ನಾನು ಬೇಡವೆಂದು ಕೈ ಅಡ್ಡ ಮಾಡಿದೆ. ಆಕೆ ನನ್ನ ಹತ್ತಿರ ಬಗ್ಗಿ, ಸಮಾಧಾನ ಮಾಡುವವರಂತೆ ಮೆಲ್ಲಗೆ ಹೇಳಿದರು.

"ಹೆದರಬ್ಯಾಡವ್ವಾ, ಕುಡಿ. ಇದು ಮನಿ ಎಮ್ಮಿ ಹಾಲು. ಆ ಶೆಡ್ಡಿನ ಹಾಲು ನಾವು ಒಳಗ ತರಂಗಿಲ್ಲ."

ಬರೆಯುತ್ತಿದ್ದ ಪೆನ್ನು ನಿಂತಿತು. ವೀರೇಶ ನೆಲ ನೋಡಿದ. ಅವನ ತಾಯಿಗೆ ತಾವು ಏನು ಹೇಳಿದೆವೆಂದು ಗೊತ್ತೇ ಆಗಲಿಲ್ಲ. ಬಸಿಯ ಮೇಲೆ ಚಹಾದ ಕಪ್ ಇಟ್ಟು, ನಾನು ಕುಡಿಯಲಿ ಎಂದು ಕಾಯುತ್ತ ನಿಂತರು. ಹಿತ್ತಲಲ್ಲಿ ಕಟ್ಟಿದ್ದ ಎಮ್ಮೆ ಮೇವು ಮೆಲ್ಲುವುದು ಕೇಳಿಸುತ್ತಿತ್ತು. ಹುಳು ಬಿದ್ದ ಪುಡಿ ನೋಡಿದಾಗ, ನೊರೆ ನೋಡಿದಾಗ ತಡೆದುಕೊಂಡಿದ್ದೆ. ಆ ಪ್ರೀತಿಯ ಮಾತು ಕೇಳಿದ ಮೇಲೆ ನನಗೆ ಅಲ್ಲಿ ಕೂರಲು ಆಗಲಿಲ್ಲ. ಉಳಿದ ಪಂಚನಾಮೆಯನ್ನು ಜೀಪಿನ ಬಾನೆಟ್ಟಿನ ಮೇಲೆ ಇಟ್ಟು ಬರೆದೆ.

ಸಂಜೆಯ ಹೊತ್ತಿಗೆ ಫೋನುಗಳು ಶುರುವಾದವು. ಮಾಡಿದವರೆಲ್ಲ ಊರಲ್ಲಿ ಮರ್ಯಾದೆ ಇರುವವರು. ಓದಿದ ಹುಡುಗ, ತಿಳಿಯದೆ ಮಾಡ್ಯಾನ, ಬಿಡ್ರಿ ಎಂದರು. ಒಬ್ಬ ಹಿರಿಯರಂತೂ ಬೇಸರದಿಂದಲೇ ಕೇಳಿದರು, "ಯಾರರ ಸತ್ತಾರೇನ್ರಿ ಮೇಡಂ? ಯಾರೂ ಸತ್ತಿಲ್ಲಲ್ಲ." ಆ ಹಿರಿಯರ ಮನೆಗೂ ವೀರೇಶನ ಪೊಟ್ಟಣಗಳು ಹೋಗುತ್ತಿದ್ದವೆಂದು ನನಗೆ ಗೊತ್ತಿತ್ತು. ನಿಮ್ಮ ಮೊಮ್ಮಕ್ಕಳು ಕುಡಿದದ್ದು ಬಟ್ಟೆ ಸೋಪು ಎಂದೆ. ಆ ಕಡೆಯಿಂದ ಫೋನ್ ಇಟ್ಟರು. ಮತ್ತೆ ಮಾಡಲಿಲ್ಲ.

ಹದಿನಾಲ್ಕು ದಿನದೊಳಗೆ ಪ್ರಯೋಗಾಲಯದ ವರದಿ ಬಂತು. ಯೂರಿಯಾ, ಡಿಟರ್ಜೆಂಟ್, ಸಸ್ಯಜನ್ಯ ಎಣ್ಣೆ, ಹಾಲಿನ ಪುಡಿ ಎಲ್ಲವೂ ಇದ್ದವು. ಕೊನೆಯಲ್ಲಿ "ಅಸುರಕ್ಷಿತ" ಎಂಬ ಷರಾ. ಬರೀ ಕಳಪೆ ಎಂದಾದರೆ ದಂಡ ಕಟ್ಟಿ ಮುಗಿಯುತ್ತದೆ. ಅಸುರಕ್ಷಿತ ಎಂದಾದರೆ ನ್ಯಾಯಾಲಯದ ಕಟಕಟೆ ಹತ್ತಬೇಕು.

ಗಿರಿಜಾ ಸಾಕ್ಷಿ ಹೇಳಲು ಒಪ್ಪಿದ್ದರು. ಅದು ವೀರೇಶನಿಗೆ ತಿಳಿಯಿತು. ಒಂದು ಭಾನುವಾರ ಗಿರಿಜಾ ಅವರ ಫೋನ್ ಬಂತು. ವೀರೇಶ ಮನೆಗೆ ಬಂದಿದ್ದನೆಂದರು. ಹೆದರಿಸಲು ಬಂದನೇ ಎಂದು ಕೇಳಿದೆ.

"ಹೆದರ್ಸಿಲ್ಲರಿ. ಕಾಲ ಮುಟ್ಟಾಕ ಬಂದ. ತಪ್ಪಾತ್ರಿ ಅಕ್ಕಾರ ಅಂದ. ಕೈಯಾಗ ಒಂದ ತಂಬಿಗಿ ಹಾಲ ಹಿಡಕೊಂಡು ಬಂದಾನ್ರಿ. ಮನಿ ಎಮ್ಮಿದು, ಅಸಲ ಐತಿ, ಕೂಸಿಗೆ ಕಾಸಿ ಕೊಡ್ರಿ ಅಂತಾನ!"

ಅವರು ಬಾಗಿಲು ಹಾಕಿಕೊಂಡಿದ್ದರು. ಅವನು ತಂಬಿಗೆಯನ್ನು ಕಟ್ಟೆಯ ಮೇಲಿಟ್ಟು ಹೋಗಿದ್ದ. ಪ್ರಣತಿ ಕಿಟಕಿಯಿಂದ ಅದನ್ನೇ ನೋಡುತ್ತಿದ್ದಳಂತೆ.

ಎಷ್ಟೋ ಕಲಬೆರಕೆದಾರರನ್ನು ನಾನು ಕಂಡಿದ್ದೇನೆ. ಹೆಚ್ಚಿನವರಿಗೆ ತಾವು ಮಾಡಿದ್ದು ಏನೆಂದು ಗೊತ್ತಿರುತ್ತದೆ. ಈ ಮನುಷ್ಯ ಒಂದು ಮಗುವಿನ ಉಸಿರು ಕಟ್ಟಿಸಿ, ತಿಂಗಳ ಮೇಲೂ, ಆ ಮಗುವಿಗೆ ಏನು ತೊಂದರೆ ಎಂದು ತಿಳಿದುಕೊಳ್ಳುವ ಗೋಜಿಗೇ ಹೋಗಿರಲಿಲ್ಲ. ಯೀಸ್ಟಿನ ಜೀನು ಅವನಿಗೆ ಬಾಯಿಪಾಠವಿತ್ತು.

ಪ್ರಕರಣ ಎರಡು ವರ್ಷ ನಡೆಯಿತು. ಗಿರಿಜಾ ಪ್ರತಿ ಸಲವೂ ರಜೆ ಹಾಕಿ ಬಂದರು. ನಾನು ಅಡ್ಡ ಸವಾಲಿಗೆ ನಿಂತಾಗ ವೀರೇಶನ ವಕೀಲರು ಕೇಳಿದರು: ಮೊದಲ ಸಲ ನೋಟಿಸ್ ಕೊಟ್ಟಾಗ ನೀವು ಮಾದರಿ ಯಾಕೆ ತೆಗೆಯಲಿಲ್ಲ? ನನ್ನ ತಪ್ಪು ಎಂದೆ. ಗಿರಿಜಾ ಅಂದು ಹೊರಗೆ ಬಂದ ಮೇಲೆ ನನ್ನೊಂದಿಗೆ ಮಾತಾಡಲಿಲ್ಲ. ಮುಂದಿನ ತಾರೀಖಿಗೆ ಬಂದಾಗ ತಾವೇ ಬಂದು ಪಕ್ಕದಲ್ಲಿ ಕುಳಿತರು. ವೀರೇಶನಿಗೆ ಸಜೆ, ದಂಡ ಎರಡೂ ಆದವು. ಲೈಸೆನ್ಸ್ ರದ್ದಾಯಿತು.

ನನ್ನ ನಿವೃತ್ತಿಗೆ ಮೂರು ತಿಂಗಳಿದ್ದಾಗ ಒಂದು ನಿಜವಾದ ಸಂಸ್ಥೆಯವರು ಯೀಸ್ಟಿನ ಪ್ರೋಟೀನಿನ ಪಾನೀಯವನ್ನು ಜಿಲ್ಲೆಯಲ್ಲಿ ಮಾರಲು ವಿಚಾರಿಸಿಕೊಂಡು ಬಂದರು. ಕಾಗದಪತ್ರ ಸರಿಯಾಗಿದ್ದವು. "ಹಾಲಿನ ಪ್ರೋಟೀನ್ ಇದೆ, ಅಲರ್ಜಿ ಇರುವವರು ಬಳಸಬಾರದು" ಎಂದು ಪೊಟ್ಟಣದ ಮುಂಭಾಗದಲ್ಲೇ ಅಚ್ಚು ಹಾಕಿಸಿದ್ದರು. ರುಚಿ ನೋಡಿ ಎಂದು ಒಂದು ಲೋಟ ಕೊಟ್ಟರು. ಕುಡಿಯಬೇಕೆಂದು ಬಾಯಿಯವರೆಗೆ ಒಯ್ದೆ. ಆಗಲಿಲ್ಲ. ಅವರದೇನೂ ತಪ್ಪಿರಲಿಲ್ಲ. ಒಳ್ಳೆಯದಾಗಬಹುದಾದ ಒಂದು ವಸ್ತುವನ್ನು ಅದು ಬರುವ ಮೊದಲೇ ಆ ವಾಷಿಂಗ್ ಮಷಿನ್ನಿನಲ್ಲಿ ತಿರುವಿ ಹೊಲಸು ಮಾಡಿಟ್ಟಿದ್ದ ಅವನು.

ಈ ಪ್ರಕರಣ ನನಗೆ ಕಲಿಸಿದ್ದು ಸಣ್ಣದು. "ಇಲ್ಲ" ಎಂದು ಬರೆದ ಪೊಟ್ಟಣವನ್ನು ಕಂಡರೆ, ಹಾಗಾದರೆ ಏನಿದೆ ಎಂದು ಆ ದಿನವೇ, ಆ ಜಾಗದಲ್ಲೇ ನೋಡಬೇಕು, ಹೇಳುವವರು ಎಷ್ಟೇ ಓದಿದವರಾಗಿರಲಿ. ಇನ್ನೊಂದನ್ನು ವೀರೇಶನ ತಾಯಿಯಿಂದ ಕಲಿತೆ. ಅಲ್ಲಿಂದಾಚೆಗೆ ಯಾವ ತಯಾರಿಕಾ ಘಟಕಕ್ಕೆ ಹೋದರೂ, ಕಿಟ್ ಬಿಚ್ಚುವ ಮೊದಲು ಮಾಲೀಕರನ್ನು ಕೇಳುತ್ತಿದ್ದೆ: "ಇದನ್ನ ನಿಮ್ಮ ಮನಿಗೆ ಒಯ್ಯತೀರೇನ್ರಿ?" ಹೂಂ ಎನ್ನುವ ಮೊದಲು ಒಂದು ಗಳಿಗೆ ತಡವರಿಸಿದರೂ ಸಾಕಿತ್ತು, ಮಾದರಿಗೆಂದು ಸೀಲು, ಅರಗು ಹೊರಗೆ ತೆಗೆಯುತ್ತಿದ್ದೆ.