ಎರವಲು ತಂದ ಕೂಗು

ಮೊನ್ನೆ ಕೋಲಾರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಮೆಸ್ಸಿನ ಮುಂದೆ ನಿಂತುಬಿಟ್ಟೆ. ಒಳಗೆ ದೊಡ್ಡ ಪಾತ್ರೆಯಲ್ಲಿ ಹುರುಳಿಕಾಳಿನ ಬಸ್ಸಾರು ಕುದಿಯುತ್ತಿತ್ತು, ಆಗತಾನೇ ಕಟ್ಟಿದ ಮುದ್ದೆಗಳಿಂದ ಆವಿ ಏಳುತ್ತಿತ್ತು... ಮನೆಯಡುಗೆಯ ವಾಸನೆಯಲ್ಲ ಅದು, ನೂರು ಜನಕ್ಕೆ ಒಟ್ಟಿಗೆ ಬೇಯಿಸುವ ಹಾಸ್ಟೆಲಿನ ವಾಸನೆ. ಅದರ ಜೊತೆಗೆ ಅಂದಿನ ಒಬ್ಬ ಹುಡುಗನ ದನಿಯೂ ನೆನಪಾಯಿತು.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ ಮಾತ್ರ. ನಮ್ಮ ಜನಾಂಗದವರು ಕೋಲಾರದಲ್ಲಿ ನಡೆಸುತ್ತಿದ್ದ ಹಾಸ್ಟೆಲಿನಲ್ಲಿದ್ದೆ. ಮೈದಾನದ ಆಚೆ ಪರಿಶಿಷ್ಟ ಜಾತಿಯ ಹುಡುಗರ ಸರ್ಕಾರಿ ಹಾಸ್ಟೆಲು. ಅಲ್ಲಿದ್ದ ಹಿರಿಯ ಹುಡುಗನೊಬ್ಬ ಬೈರಕೂರಿನ ಕಡೆಯ ನಮ್ಮ ಹಳ್ಳಿಯವನೇ. ನಮ್ಮ ಮನೆ ಊರೊಳಗೆ, ಅವನದು ಊರಾಚೆಯ ಕೇರಿಯಲ್ಲಿ. ನಮ್ಮ ಬೀದಿಗೆ ಬಂದರೆ ಅವನು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಡೆಯಬೇಕಿತ್ತು.

ಸಂಜೆ ಊಟಕ್ಕೆ ಮುಂಚೆ ಆ ಹಾಸ್ಟೆಲಿನವರು ಅಂಗಳದಲ್ಲಿ ಸಾಲಾಗಿ ನಿಲ್ಲುತ್ತಿದ್ದರು. ಒಬ್ಬ ತನ್ನ ಊರಿನ ಹೆಸರನ್ನು ಕೂಗುತ್ತಿದ್ದ: "ಗೌನಿಪಲ್ಲಿ!" ಉಳಿದವರೆಲ್ಲ ಒಂದೇ ಉಸಿರಿಗೆ, "ನಮ್ಮೂರು!" ಇನ್ನೊಬ್ಬ ಇನ್ನೊಂದು ಊರು ಕೂಗಿದರೆ ಮತ್ತೆ, "ನಮ್ಮೂರು!" ಕಣ್ಣಿಂದ ಕಂಡೇ ಇರದ ಊರುಗಳಿಗೆ ಅವರು ಹಾಗೆ ಓಗೊಡುವುದನ್ನು ಕೇಳಿದರೆ ನನಗೆ ಮೈ ಜುಮ್ಮೆನ್ನುತ್ತಿತ್ತು. ಅವನ ಸರದಿ ಬಂದಾಗಲಂತೂ ಕೈಯಲ್ಲಿದ್ದ ಪುಸ್ತಕ ಮಡಚಿ ಕಿಟಕಿಗೆ ಬರುತ್ತಿದ್ದೆ. ಊರಲ್ಲಿ ತಲೆ ತಗ್ಗಿಸಿ ಪಿಸುಗುಡುತ್ತಿದ್ದ ಗಂಟಲೊಳಗೆ ಅಷ್ಟು ದೊಡ್ಡ ದನಿ ಎಲ್ಲಿ ಅಡಗಿತ್ತೋ... ನಮ್ಮ ಹಳ್ಳಿಯ ಹೆಸರು ಅಷ್ಟು ಚೆನ್ನಾಗಿದೆ ಎಂದು ನನಗೆ ತಿಳಿದದ್ದೇ ಅವನ ಬಾಯಲ್ಲಿ ಕೇಳಿ.

ಹಾಸ್ಟೆಲಿನಿಂದ ಹಾಸ್ಟೆಲಿಗೆ ರೂಢಿಗಳು ಹೋಗಿಬರುತ್ತಿದ್ದವು. ಓದು ಮುಗಿಸಿ ಹೊರಡುವವರಿಗೆ ನಾವು ಹೊಸ ಟವಲಿನ ಪೇಟ ಕಟ್ಟಿ ಕಳಿಸುತ್ತಿದ್ದೆವು. ಅದನ್ನು ಅವರೂ ಶುರುಮಾಡಿದರು. ಅವರ ಕೂಗು ನಮಗೆ ಬೇಕಾಯಿತು.

"ಏಂರಾ, ನಿಮ್ಮೂರೋನೇ ಅಲ್ವೇನೋ ಅವ್ನು? ಹೋಗಿ ಕಲ್ತ್ಕೊಂಡು ಬಾರ್ಲಾ," ಎಂದು ನಮ್ಮವರು ನನ್ನನ್ನು ಅಟ್ಟಿದರು.

ಹೋದೆ. ಎಲ್ಲರೂ ಅವನನ್ನು ಅಣ್ಣ ಎನ್ನುತ್ತಿದ್ದರು. ಹಾಗೆ ಕರೆಯಲು ನನಗೆ ನಾಲಿಗೆ ಏಳಲಿಲ್ಲ. ವಿಷಯ ಹೇಳಿದಾಗ ಅವನು ಜೋರಾಗಿ ನಕ್ಕ.

"ತಗೊಂಡೋಗಪ್ಪ, ಅದೇನ್ ನಮ್ಮಪ್ಪನ ಆಸ್ತಿನಾ? ಆದ್ರೆ ಒಂದು. ಯಾವೂರು ಕೂಗಿದ್ರೂ ಎಲ್ರೂ ಓಗೊಡ್ಬೇಕು. ಒಬ್ಬ ಬಾಯಿ ಮುಚ್ಕೊಂಡ್ರೂ ಅದು ಬರೀ ಗಲಾಟೆ ಕಣೋ."

ಆ ವರ್ಷ ಕಬಡ್ಡಿ ಪಂದ್ಯದಲ್ಲಿ ಎರಡೂ ಹಾಸ್ಟೆಲುಗಳು ಎದುರಾದವು. ಆಟಕ್ಕೆ ಮುಂಚೆ ನಮ್ಮ ನಾಯಕ ಎದೆಯುಬ್ಬಿಸಿ ಕೂಗಿದ: "ವಕ್ಕಲೇರಿ!" ನಾವೆಲ್ಲ "ನಮ್ಮೂರು!" ಎಂದೆವು. ಅಷ್ಟರಲ್ಲೇ ಎದುರು ಸಾಲಿನಿಂದಲೂ "ನಮ್ಮೂರು!" ಎಂದು ಬಂತು. ನಾವು ಬೆಚ್ಚಿಬಿದ್ದೆವು. ಸೋಲಿಸಲು ನಿಂತವರು ನಮ್ಮ ಊರಿಗೂ ಓಗೊಡುತ್ತಿದ್ದರು! ಎರಡು ಸಾಲಿನ ದನಿ ಸೇರಿ ಮೈದಾನವೇ ಎದ್ದು ನಿಂತಂತಾಯಿತು. ಅಂಥದ್ದನ್ನು ಆಮೇಲೆ ನಾನು ಬದುಕಿನಲ್ಲಿ ಕೇಳಿಲ್ಲ.

ಬಳಿಕ ಅವನು ಒಂದು ಹೆಜ್ಜೆ ಮುಂದೆ ಬಂದು ನಮ್ಮ ಹಳ್ಳಿಯ ಹೆಸರನ್ನು ಕೂಗಿದ.

ಅವನ ಕಡೆಯವರು ಓಗೊಟ್ಟರು. ನಮ್ಮ ಸಾಲು ಸುಮ್ಮನಿತ್ತು. "ಕೇರಿಯೋನ್ಗೂ ಒಂದೂರಂತೆ ನೋಡ್ಲಾ!" ಎಂದು ನಮ್ಮಲ್ಲಿ ಯಾರೋ ನಕ್ಕರು. ಅವನು ನನ್ನನ್ನೇ ನೋಡುತ್ತಾ ಇನ್ನೊಮ್ಮೆ ಕೂಗಿದ. ಅಷ್ಟು ಜನರಲ್ಲಿ ಅದು ನಿಜವಾಗಿ ಊರಾಗಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ಪಕ್ಕದವರು ಏನೆಂದುಕೊಳ್ಳುತ್ತಾರೋ, ಅಪ್ಪನ ಕಿವಿಗೆ ಬಿದ್ದರೆ ಏನು ಗತಿಯೋ... ನಾನು ನೆಲ ನೋಡಿದೆ.

ಆಟ ಮುಗಿದ ಮೇಲೆ ಅವನು ಹತ್ತಿರ ಬಂದ. ಕೋಪವಿರಲಿಲ್ಲ. "ನೀನಾದ್ರೂ ಅನ್ಬೋದಾಗಿತ್ತಲ್ಲಪ್ಪ," ಎಂದಷ್ಟೇ ಹೇಳಿ ಹೋದ.

ಆಮೇಲೆ ನಮ್ಮ ಹಾಸ್ಟೆಲಿನಲ್ಲಿ ಆ ಕೂಗು ತಾನಾಗಿಯೇ ನಿಂತುಹೋಯಿತು. ಅವನು ಓದಿ ಶ್ರೀನಿವಾಸಪುರದಲ್ಲಿ ಮೇಷ್ಟ್ರಾದ, ಅಪ್ಪ ಅಮ್ಮನನ್ನೂ ಅಲ್ಲಿಗೇ ಕರೆಸಿಕೊಂಡ. ಹಳ್ಳಿಗೆ ಮತ್ತೆ ಕಾಲಿಡಲಿಲ್ಲ. ಕಾರಣ ನಾನೊಬ್ಬನೇ ಎಂದುಕೊಳ್ಳುವಷ್ಟು ದೊಡ್ಡವನಲ್ಲ ನಾನು. ಆದರೆ ಅಂದು ಬಾಯಿ ತೆರೆಯಬಹುದಾಗಿದ್ದವನು ನಾನೊಬ್ಬನೇ.

ಮೊನ್ನೆ ಆ ಮೆಸ್ಸಿನ ಮುಂದಿನಿಂದ ಊಟವನ್ನೂ ಮಾಡದೆ ಶ್ರೀನಿವಾಸಪುರದ ಬಸ್ಸು ಹತ್ತಿದೆ. ಕೇಳಿಕೊಂಡು ಮೇಷ್ಟ್ರ ಮನೆಗೆ ಹೋದೆ. ಬಾಗಿಲು ತೆಗೆದದ್ದು ಮೊಮ್ಮಗಳು, ಕಾಲೇಜಿಗೆ ಹೋಗುವ ವಯಸ್ಸಿನವಳು. ಮೇಷ್ಟ್ರು ಇದ್ದಾರಾ ಎಂದೆ.

"ತಾತ ತೀರ್ಕೊಂಡು ವರ್ಷ ಆಯ್ತಲ್ಲ... ನೀವ್ಯಾರು?"

"ನಿಮ್ಮ ತಾತ ನಮ್ಮೂರೋರಮ್ಮ," ಎಂದೆ.

"ಯಾವೂರು?"

ಹೇಳಿದೆ. ಹುಡುಗಿ ಸ್ವಲ್ಪ ಯೋಚಿಸಿದಳು.

"ಆ ಹೆಸ್ರೇ ಕೇಳಿಲ್ಲ ನಾನು. ನಮ್ಮ ತಾತ ಇಲ್ಲಿಯೋರೇ, ಶ್ರೀನಿವಾಸಪುರದೋರು. ನೀವು ಬೇರೆ ಯಾರ್ನೋ ಹುಡುಕ್ಕೊಂಡು ಬಂದಿರ್ಬೇಕು ತಾತ."

ಬಿಸಿಲಲ್ಲಿ ಬಂದಿದ್ದೀರಿ ಎಂದು ಒಳಗೆ ಕೂರಿಸಿ ನೀರು ಕೊಟ್ಟಳು. ಕುಡಿದೆ. ಇಲ್ಲಮ್ಮ, ಅವರದು ನಮ್ಮೂರೇ ಎಂದು ಇನ್ನೊಮ್ಮೆ ಹೇಳಲು ನನಗೆ ಬಾಯಿ ಬರಲಿಲ್ಲ.