ಲ್ಯಾಬಮ್ಮ ವಾಪಸ್ ತಂದ ಚಹಾ

ಅತ್ತೆಯನ್ನು ಆ ಕಟ್ಟಡದವರೆಲ್ಲ ಲ್ಯಾಬಮ್ಮ ಎಂದೇ ಕರೆಯುತ್ತಿದ್ದರು. ಮೂವತ್ತೊಂದು ವರ್ಷ ಶಾಲೆಯ ಪ್ರಯೋಗಾಲಯದಲ್ಲಿ ಗಾಜಿನ ನಳಿಕೆ ತೊಳೆದು, ಸೀಸೆಗಳಿಗೆ ಚೀಟಿ ಅಂಟಿಸಿದ ಕೈ ಅದು. ನಿವೃತ್ತಿಯಾದ ಮೇಲೂ ಸುಮ್ಮನೆ ಕೂರಲಿಲ್ಲ. ಎಲೆ ಹಣ್ಣಾಗಿ ಉದುರುವ ದಿನ ಬಂತೆಂದರೆ ಅಡುಗೆಮನೆ ಅವರ ವಶ. ಚಹಾ ಎಲೆಗೆ ಚಕ್ಕೆ, ಲವಂಗ, ಒಣಶುಂಠಿ, ಒಣಗಿಸಿದ ಸೇಬು, ಕಿತ್ತಳೆ ಸಿಪ್ಪೆ ಬೆರೆಸಿ, ಶಾಲೆಯವರು ಬಿಸಾಡಲಿದ್ದ ತಕ್ಕಡಿಯಲ್ಲಿ ತೂಗಿ, ಡಬ್ಬಿಗೆ ತುಂಬಿ, ಮುಚ್ಚಳ ತೆರೆದರೆ ಹರಿಯುವಂತೆ ಬಾಯಿಗೆ ಚೀಟಿ ಅಂಟಿಸಿ ಹನ್ನೊಂದು ಮನೆಗೆ ಹಂಚುತ್ತಿದ್ದರು.

ಸೊಸೆಗೆ ಮೊದಮೊದಲು ಇದೊಂದು ತಲೆನೋವು. ಉಪ್ಪು ಹುಡುಕಿದರೆ ಲವಂಗ ಸಿಗುತ್ತಿತ್ತು. ಗಂಡನ ಹತ್ತಿರ ಗೊಣಗಿದರೆ ಆತ, ತಾನು ಹುಟ್ಟಿದಾಗ ಅಮ್ಮ ತನಗೂ ಒಂದು ಚೀಟಿ ಅಂಟಿಸಿದ್ದಳಂತೆ ಎಂದು ನಕ್ಕು ಜಾರಿಕೊಳ್ಳುತ್ತಿದ್ದ.

ಆ ವರ್ಷ ಬಿಸಿಲು ಸರಿಯಾಗಿ ಬೀಳಲೇ ಇಲ್ಲ. ಆದರೂ ಡಬ್ಬಿಗಳು ಹೊತ್ತಿಗೆ ಸರಿಯಾಗಿ ಮನೆ ಮನೆ ಸೇರಿದವು. ವಾರ ಕಳೆದು ಸೊಸೆ ತಮ್ಮ ಮನೆಯ ಡಬ್ಬಿ ತೆಗೆದಾಗ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಸೇಬಿನ ಚೂರೊಂದರ ಮೇಲೆ ಬಿಳಿ ಬೂಷ್ಟು. ಅತ್ತೆ ಡಬ್ಬಿಯನ್ನು ಕಿಟಕಿಯ ಬಳಿ ಒಯ್ದು, ಚಹಾವನ್ನು ಕಾಗದದ ಮೇಲೆ ಹರಡಿ, ಇನ್ನೊಂದು ಚೂರನ್ನು ಬೆರಳಲ್ಲಿ ಒತ್ತಿ ನೋಡಿದರು.

"ಮುರೀಬೇಕಿತ್ತು, ಬಾಗ್ತಾ ಇದೆ. ಹಸಿ ಉಳಿದಿದೆ. ಅವಸರ ಮಾಡಿದೆ ನಾನು."

"ಅತ್ತೆ, ಬೇರೆಯವರ ಡಬ್ಬೀಲಿ ಬೂಷ್ಟು ಇರುತ್ತೋ ಇಲ್ವೋ. ಯಾರಿಗೂ ಗೊತ್ತೂ ಆಗಲ್ಲ."

"ಗೊತ್ತಾಗಲ್ಲ ಅಂತಲೇ ಹೋಗಿ ಹೇಳ್ಬೇಕು ಕಣಮ್ಮ. ಗೊತ್ತಾದ್ರೆ ಅವರೇ ಬಿಸಾಕ್ತಾರಲ್ಲ."

ನಾಲ್ಕು ಮಹಡಿ, ಮಾತು ಕೇಳದ ಮಂಡಿ. ಸೊಸೆ ಚೀಲ ಹಿಡಿದು ಹಿಂದೆ ನಡೆದಳು. ಪ್ರತಿ ಬಾಗಿಲಲ್ಲೂ ಅತ್ತೆಯದು ಒಂದೇ ಮಾತು: ಸೇಬು ಸರಿಯಾಗಿ ಒಣಗಿಸಲಿಲ್ಲ, ಚಹಾ ಕೆಟ್ಟಿದೆ, ಡಬ್ಬಿ ಕೊಡಿ. ಬಿಸಿಲನ್ನು ದೂರಲಿಲ್ಲ, ವಯಸ್ಸಿನ ನೆಪ ಹೇಳಲಿಲ್ಲ. ತಾನಾಗಿದ್ದರೆ ಇಷ್ಟೊತ್ತಿಗೆ ಹತ್ತು ಸಬೂಬು ಹೇಳಿರುತ್ತಿದ್ದೆ ಎನಿಸಿ ಸೊಸೆಗೆ ಒಳಗೊಳಗೇ ನಾಚಿಕೆಯಾಯಿತು.

ಮೂರನೇ ಮಹಡಿಯ ಮುದುಕ, ಹಳೇ ಬಸ್ ಡ್ರೈವರ್, ಸುತರಾಂ ಒಪ್ಪಲಿಲ್ಲ. ದಿನಕ್ಕೆರಡು ಸಲ ಅದನ್ನೇ ಕುಡಿಯುತ್ತಿದ್ದೇನೆ, ಇಂಥ ಚಹಾ ಜನ್ಮದಲ್ಲೇ ಕುಡಿದಿಲ್ಲ ಎಂದು ಹೊಗಳಿದ್ದೇ ಹೊಗಳಿದ್ದು. ಅತ್ತೆ ಬಾಗಿಲು ಬಿಟ್ಟು ಕದಲದಿದ್ದಾಗ ವಿಧಿಯಿಲ್ಲದೆ ಡಬ್ಬಿ ತಂದುಕೊಟ್ಟ. ಬಾಯಿಗೆ ಅಂಟಿಸಿದ್ದ ಚೀಟಿ ಹರಿದೇ ಇರಲಿಲ್ಲ. ಅತ್ತೆ ಅದನ್ನು ಚೀಲಕ್ಕೆ ಹಾಕಿದರು. ಮೆಟ್ಟಿಲ ತಿರುವು ದಾಟಿದ ಮೇಲೆ ಇಬ್ಬರೂ ಗೋಡೆ ಹಿಡಿದುಕೊಂಡು ನಕ್ಕರು.

ಮರುದಿನದಿಂದ ಸೊಸೆಯೂ ಚಾಕು ಹಿಡಿದು ಕೂತಳು. ಕಾಗದದಷ್ಟು ತೆಳ್ಳಗೆ ಹೆಚ್ಚಿದ ಸೇಬನ್ನು ಕಿಟಕಿಯಲ್ಲಿ ಹರವಿ, ಸಣ್ಣ ಉರಿಯ ಓವನ್ನಿನಲ್ಲಿಟ್ಟು, ಪಟ್ಟನೆ ಮುರಿಯುವವರೆಗೆ ಕಾದರು. ಹೊಸ ಚಹಾ ಸಿದ್ಧವಾಗುವಷ್ಟರಲ್ಲಿ ಹೊರಗಿನ ಮರಗಳಲ್ಲಿ ಒಂದೆಲೆಯೂ ಉಳಿದಿರಲಿಲ್ಲ. ಈ ಸಲ ತೂಗಿ ಬೆರೆಸಿದ್ದು ಸೊಸೆ.

ಅತ್ತೆ ಮೊದಲ ಗುಟುಕು ಬಾಯಲ್ಲೇ ಆಡಿಸಿ ನುಂಗಿ, ಲವಂಗ ಒಂಚೂರು ಹೆಚ್ಚಾಯಿತು ಎಂದರು. ಎಂದವರೇ ಲೋಟ ಖಾಲಿ ಮಾಡಿ ಮತ್ತೆ ಮುಂದೆ ಚಾಚಿದರು.